ಗೋಡೆಗೆ ಮುಖ ಮಾಡಿ ಕೂತವಳು

ಆಗ ನನಗೆ ಅರವತ್ತೆರಡು ವರ್ಷ. ಇದು ನಡೆದು ಎಂಟು ವರ್ಷವಾಯಿತು. ಅಲ್ಲಿಯವರೆಗೆ ಯಾರಾದರೂ ನನ್ನ ಮುಂದೆ ದೆವ್ವ, ಗಾಳಿ, ಸತ್ತವರು ಬಂದರು ಅಂತ ಮಾತು ತೆಗೆದರೆ ನಾನು ಮುಖ ಮೋರೆ ನೋಡದೆ ಬೈಯುತ್ತಿದ್ದೆ. ಹೊಟ್ಟೆ ತುಂಬಿದವರಿಗೆ ದೆವ್ವ ಕಾಣುತ್ತದೆ, ದುಡಿಯುವವರಿಗೆ ಕಾಣುವುದಿಲ್ಲ ಎನ್ನುತ್ತಿದ್ದೆ. ನನ್ನ ಕಸುಬೇ ಅಂಥದ್ದು. ಬಾಣಂತಿಯರಿಗೆ, ಕೂಸುಗಳಿಗೆ ನೀರು ಎರೆಯುವುದು. ಗೋರೆಗಾಂವ್‌ನ ಚಾಳುಗಳಲ್ಲಿ ಮೂವತ್ತು ವರ್ಷ ಎರೆದಿದ್ದೇನೆ. ಹೆರಿಗೆಯಲ್ಲಿ ಒಬ್ಬಳು ಸತ್ತ ಮನೆಯಲ್ಲಿ, ಅದೇ ಬಚ್ಚಲಲ್ಲಿ, ಮರುವರ್ಷ ಇನ್ನೊಬ್ಬಳನ್ನು ಕೂರಿಸಿ ಎರೆದಿದ್ದೇನೆ. ಏನೂ ಕಂಡಿಲ್ಲ. ಬಿಸಿ ನೀರಿನ ಹಬೆ ಕಂಡಿದೆ ಅಷ್ಟೆ.

ಹಾಗಿದ್ದವಳು ಈಗ ಇದನ್ನು ಬರೆಯುತ್ತಿದ್ದೇನೆ. ನಂಬಿ ಅಂತ ನಿಮಗೆ ಹೇಳುವುದಿಲ್ಲ. ನಾನೇ ಪೂರ್ತಿ ನಂಬಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ. ಅದರಲ್ಲಿ ನನ್ನ ತಪ್ಪೂ ಇದೆ, ಅದನ್ನೂ ಹೇಳುತ್ತೇನೆ. ಅದನ್ನು ಬಿಟ್ಟರೆ ಉಳಿದದ್ದಕ್ಕೆ ಅರ್ಥವಿಲ್ಲ.

ಚಾಳುಗಳು ಬಿದ್ದು ಬಿಲ್ಡಿಂಗ್‌ಗಳು ಎದ್ದ ಮೇಲೆ ಎರೆಯುವವರನ್ನು ಕರೆಯುವುದು ಕಡಿಮೆಯಾಯಿತು. ಆಗ ಒಬ್ಬ ಬಾಣಂತಿಯ ಮನೆಯವರು ನನ್ನನ್ನು ಲೀನಾಬಾಯಿಯ ಹತ್ತಿರ ಕಳಿಸಿದರು. ಲೀನಾಬಾಯಿ ಮಂಗಳೂರು ಕಡೆಯ ಕ್ರಿಶ್ಚಿಯನ್ ಹೆಂಗಸು. ನರ್ಸ್ ಆಗಿದ್ದವರು, ಮದುವೆಯಾದವರಲ್ಲ, ಕಾನ್ವೆಂಟಿನ ಸಿಸ್ಟರ್ ಕೂಡ ಅಲ್ಲ. ದಾದರ್ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಒಂದು ಗಲ್ಲಿಯಲ್ಲಿ ಅವರ ತಂದೆಯ ಕಾಲದ ಹಳೆಯ ಮನೆ. ಅದನ್ನು ಅವರು ಫುಟ್‌ಪಾತಿನ ಮೇಲೆ ಇರುವವರಿಗೆ ಬಿಟ್ಟುಕೊಟ್ಟಿದ್ದರು. ಬೆಳಿಗ್ಗೆ ಚಹಾ ಪಾವ್, ಮಧ್ಯಾಹ್ನ ದಾಲ್ ಅನ್ನ, ಗಾಯವಿದ್ದರೆ ಪಟ್ಟಿ, ಬಟ್ಟೆ ಇಲ್ಲದಿದ್ದರೆ ಬಟ್ಟೆ. ಮೇಲಿನ ಕೋಣೆಯಲ್ಲಿ ಆರು ಜನ ಮುದುಕಿಯರು ಅಲ್ಲೇ ಉಳಿದಿದ್ದರು, ಲೀನಾಬಾಯಿಯೂ ಅವರ ನಡುವೆಯೇ ಒಂದು ಕಾಟ್ ಹಾಕಿಕೊಂಡು ಮಲಗುತ್ತಿದ್ದರು. ಬೇಯಿಸಿದವರು, ತಿನ್ನಲು ಬಂದವರು ಎಲ್ಲರೂ ಒಂದೇ ಬೆಂಚಿನ ಮೇಲೆ ಕೂತು ಒಂದೇ ಪಾತ್ರೆಯ ಅನ್ನ ತಿನ್ನಬೇಕು. ಬಂದವರನ್ನು ಭಿಕ್ಷುಕರು ಅಂತ ಕರೆಯಬಾರದು, ನೆರೆಯವರು ಅಂತಲೇ ಅನ್ನಬೇಕು. ಸರಿ, ನೆರೆಯವರು ಎಂದೆ. ನನಗೇನು, ಬಾಯಿ ಸವೆಯುತ್ತದೆಯೇ.

ಊಟಕ್ಕೆ ಮುಂಚೆ ಲೀನಾಬಾಯಿ ಪ್ರಾರ್ಥನೆ ಹೇಳುತ್ತಿದ್ದರು. ನಾನೂ ಕೈಕಟ್ಟಿ ನಿಲ್ಲುತ್ತಿದ್ದೆ, ದಾಲಿಗೆ ಉಪ್ಪು ಹಾಕಿದೆನೋ ಇಲ್ಲವೋ ಅಂತ ಯೋಚಿಸುತ್ತಿದ್ದೆ. ನೀನೂ ನಮ್ಮವಳಾಗು ಅಂತ ಅವರು ನನಗೆ ಒಂದು ದಿನವೂ ಹೇಳಲಿಲ್ಲ.

ಬುಧವಾರ, ಶನಿವಾರ ಹೆಂಗಸರ ಸ್ನಾನ. ಅದು ನನ್ನ ಕೆಲಸ. ಹಿಂದಿನ ಅಂಗಳದಲ್ಲಿ ಪ್ಲಾಸ್ಟಿಕ್ ಪರದೆ ಹಾಕಿದ ಎರಡು ಬಚ್ಚಲು, ಪಕ್ಕದಲ್ಲಿ ಒಂದು ಕಲ್ಲು, ಕಲ್ಲಿನ ಮೇಲೆ ಗಿಡ್ಡ ಸ್ಟೂಲ್. ಮೈ ತೊಳೆದುಕೊಳ್ಳುವುದು ಅವರವರು, ತಲೆ ತೊಳೆಯುವುದು ನಾನು. ಫುಟ್‌ಪಾತಿನ ಹೆಂಗಸಿಗೆ ಮೈ ತೊಳೆಯಲು ಎಲ್ಲೋ ಒಂದು ನಲ್ಲಿ ಸಿಕ್ಕೀತು, ತಲೆ ತೊಳೆಯಲು ಸಿಗುವುದಿಲ್ಲ. ಹೇನು, ಸೀರು, ಗಂಟು, ಹುಣ್ಣು. ಅವರು ನನಗೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಇದು ಲೀನಾಬಾಯಿಯ ಏರ್ಪಾಟು. ಮುಖಕ್ಕೆ ಮುಖ ಕೊಟ್ಟು ಹೇನು ತೆಗೆಸಿಕೊಳ್ಳಲು ಯಾರಿಗಾದರೂ ನಾಚಿಕೆ, ಗೋಡೆ ನೋಡಿಕೊಂಡು ಕೂತರೆ ಅಷ್ಟಿಲ್ಲ. ಹಾಗಾಗಿ ನನಗೆ ಅವರ ಮುಖಕ್ಕಿಂತ ತಲೆಯ ಗುರುತು ಜಾಸ್ತಿ. ಕೂಸುಗಳ ತಲೆ ತಿಕ್ಕಿ ತಿಕ್ಕಿ ಸರಿ ಮಾಡಿದ ಕೈ ಇದು. ಕಣ್ಣು ಕಟ್ಟಿ ಮೂವತ್ತು ತಲೆ ಮುಟ್ಟಿಸಿದ್ದರೂ ಇದು ಇಂಥವಳದ್ದು ಎಂದು ಹೇಳುತ್ತಿದ್ದೆ.

ಇನ್ನೊಂದು ನಿಯಮವಿತ್ತು. ಕೇಳದೆ ಯಾರ ಉಗುರನ್ನೂ ಕತ್ತರಿಸಬಾರದು, ಕೂದಲನ್ನಂತೂ ಕತ್ತರಿಸಲೇಬಾರದು. ಯಾರೋ ಒಂದು ಕೂದಲು ಕತ್ತರಿಸುವ ಮಶೀನ್ ಕೊಟ್ಟಿದ್ದರು. ಬಾಚಲು ಆಗದಷ್ಟು ಗಂಟಾದರೆ, ಹುಣ್ಣಿನಲ್ಲಿ ಹುಳ ಬಿದ್ದಿದ್ದರೆ, ಕೇಳಿ, ಒಪ್ಪಿದರೆ ಮಾತ್ರ ಓಡಿಸಬೇಕು. ಒಪ್ಪದಿದ್ದರೆ ಎಣ್ಣೆ ಹಚ್ಚಿ, ನಾಲ್ಕು ಸಲ ಕೂರಿಸಿ, ಒಂದೊಂದೇ ಗಂಟು ಬಿಡಿಸಬೇಕು. ಬೀದಿಯಲ್ಲಿ ಇರುವವಳಿಗೆ ಅವಳದು ಅಂತ ಬೇರೆ ಏನೂ ಇರುವುದಿಲ್ಲ, ಮೈಯೊಂದೇ ಎನ್ನುತ್ತಿದ್ದರು ಲೀನಾಬಾಯಿ. ಕೆಲಸ ಮಾಡುವವಳು ನಾನು, ಮಾತು ಅವರದು ಅಂತ ನನಗೆ ಸಿಟ್ಟು ಬರುತ್ತಿತ್ತು.

ಬರುವವರಲ್ಲಿ ಸಕ್ಕು ಅಂತ ಒಬ್ಬಳಿದ್ದಳು. ನನಗಿಂತ ಏಳೆಂಟು ವರ್ಷ ಸಣ್ಣವಳಿರಬೇಕು, ನೋಡಿದರೆ ನನಗಿಂತ ಮುದುಕಿ. ಹಲ್ಲು ಹೋಗಿದ್ದವು. ಜತ್ ಕಡೆಯವಳು, ಕನ್ನಡ ಮಾತಾಡುತ್ತಿದ್ದಳು. ನನ್ನದು ಇಂಡಿ ಹತ್ತಿರದ ಹಳ್ಳಿ, ಇಬ್ಬರ ಮಾತೂ ಒಂದೇ. ಆ ಮನೆಗೆ ಬರುವವರಲ್ಲಿ ಹಿಂದಿ, ಮರಾಠಿಯವರೇ ಎಲ್ಲ. ನಮ್ಮ ಕಡೆಯ ಮಾತು ಕಿವಿಗೆ ಬೀಳುತ್ತಿದ್ದುದು ಅವಳೊಬ್ಬಳಿಂದ. ಅದಕ್ಕೆ ಅವಳ ಮೇಲೆ ಪ್ರೀತಿ ಇತ್ತೆಂದು ತಿಳಿಯಬೇಡಿ. ನಮ್ಮವಳೇ ಬೀದಿಗೆ ಬಿದ್ದಿದ್ದಾಳಲ್ಲ ಅಂತ ನನಗೆ ಕಸಿವಿಸಿ.

ಅವಳಿಗೆ ಸೊಂಟದವರೆಗೆ ಕೂದಲು. ಅರ್ಧ ಕಪ್ಪು, ಅರ್ಧ ಬಿಳಿ, ಬರೀ ಗಂಟು. ಎಡಗಿವಿಯ ಹಿಂದೆ ಅಡಿಕೆ ಹೋಳಿನಷ್ಟು ತಗ್ಗು, ಅಲ್ಲಿ ಕೂದಲು ಹುಟ್ಟುತ್ತಿರಲಿಲ್ಲ. ಸಣ್ಣವಳಿದ್ದಾಗ ಒನಕೆ ಬಿದ್ದದ್ದಂತೆ. ತಗ್ಗಿನ ಮೇಲೆ ಕಡಲೆಯಷ್ಟು ಉಬ್ಬಿದ ಒಂದು ನರುಳ್ಳೆ. ಬಾಚಣಿಗೆ ಅದಕ್ಕೆ ತಾಗಿದರೆ ಸುಮ್ಮನೆ ಭುಜ ಎತ್ತುತ್ತಿದ್ದಳು.

ಅವಳ ಕಥೆ ಸ್ಟೇಷನ್ನಿನ ಸುತ್ತ ಎಲ್ಲರಿಗೂ ಗೊತ್ತಿತ್ತು. ಗಂಡ ಇಲ್ಲಿ ಬಿಲ್ಡಿಂಗ್ ಕೆಲಸದಲ್ಲಿದ್ದನಂತೆ. ಆರು ವರ್ಷದ ಮಗಳನ್ನು ಕರೆದುಕೊಂಡು ಅವಳು ಊರಿನಿಂದ ಬಂದಿಳಿದಳಂತೆ. ತಲೆಯ ಮೇಲೆ ಗಂಟು, ಎರಡು ಕೈಯಲ್ಲಿ ಚೀಲ. ಮಗಳ ಕೈ ಹಿಡಿಯಲು ಕೈ ಇಲ್ಲ. ನನ್ನ ಜಡೆ ಹಿಡಿದುಕೊಂಡು ಹಿಂದೆ ಬಾ ಎಂದಳಂತೆ. ದಾದರ್ ಸೇತುವೆಯ ಮೇಲೆ ಸಂಜೆಯ ಗದ್ದಲ ನಿಮಗೆ ಗೊತ್ತಿದೆ. ನಡುವಿನವರೆಗೆ ಜಡೆ ಜಗ್ಗುತ್ತಿತ್ತಂತೆ, ಆಮೇಲೆ ಜಗ್ಗಲಿಲ್ಲವಂತೆ. ತಿರುಗಿ ನೋಡುವ ಹೊತ್ತಿಗೆ ಹಿಂದೆ ಬರೀ ಗಂಡಸರು. ಗಂಡ ಒಂದು ತಿಂಗಳು ಹುಡುಕಿ, ಇವಳನ್ನು ಹೊಡೆದು, ಬಿಟ್ಟುಹೋದ. ಇವಳು ಸ್ಟೇಷನ್ ಬಿಡಲಿಲ್ಲ. ನನ್ನ ಮುಖ ಹೋಯಿತು, ಹಲ್ಲು ಹೋದವು, ಮಗಳು ಬಂದರೆ ಈ ಕೂದಲು ನೋಡಿಯೇ ಗುರುತು ಹಿಡಿಯಬೇಕು ಎನ್ನುತ್ತಿದ್ದಳು.

ನಾನು ನಂಬಲಿಲ್ಲ. ಏಕೆಂದರೆ ಮಗಳ ಹೆಸರು ಕೇಳಿದರೆ ಒಂದು ಸಲ ಶೋಭಾ ಎನ್ನುತ್ತಿದ್ದಳು, ಒಂದು ಸಲ ಕಸ್ತೂರಿ ಎನ್ನುತ್ತಿದ್ದಳು. ಹೆತ್ತವಳಿಗೆ ಮಗಳ ಹೆಸರು ಮರೆಯುತ್ತದೆಯೇ? ಭಿಕ್ಷೆಗೆ ಕಟ್ಟಿದ ಕಥೆ ಎಂದುಕೊಂಡೆ, ಅವಳ ಮುಂದೆಯೇ ಅಂದೂಬಿಟ್ಟೆ. ನಮ್ಮ ಕಡೆ ಕೂಸಿಗೆ ತೊಟ್ಟಿಲ ಹೆಸರು ಒಂದು, ಕರೆಯುವ ಹೆಸರು ಒಂದು ಇಡುತ್ತಾರೆ. ಎಷ್ಟು ಕೂಸುಗಳ ತೊಟ್ಟಿಲ ಮುಂದೆ ನಾನೇ ನಿಂತಿದ್ದೇನೆ. ಅದು ನನಗೆ ಹೊಳೆದದ್ದು ಎಲ್ಲ ಮುಗಿದ ಮೇಲೆ.

ಒಂದು ಬುಧವಾರ ಜನ ಬಹಳ. ಲೀನಾಬಾಯಿ ಮೇಲಿನ ಮುದುಕಿಯೊಬ್ಬಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿದ್ದರು. ಕಾರ್ಪೊರೇಷನ್ ನೀರು ಅವತ್ತು ಅರ್ಧ ಗಂಟೆ ಮುಂಚೆಯೇ ನಿಂತಿತ್ತು, ಡ್ರಮ್ಮಿನ ತಳ ಕಾಣುತ್ತಿತ್ತು. ಸಕ್ಕು ಕೂತಾಗ ನೋಡುತ್ತೇನೆ, ಕುತ್ತಿಗೆಯ ಹತ್ತಿರ ಗಂಟಿನ ಕೆಳಗೆ ಹುಣ್ಣು, ನಾತ. ಹಿಂದೆ ನಿಂತವರು ಗೊಣಗಲು ಶುರು ಮಾಡಿದರು. ತಾರಾ ಅಂತ ಒಬ್ಬ ಮರಾಠಿ ಹೆಂಗಸು, ಬಾಯಿ ಅಂದರೆ ಕತ್ತರಿ, ಚಿಕ್ಕಮ್ಮ ಅನ್ನುವ ಹಾಗೆ ನನ್ನನ್ನು ಮೌಶಿ ಎನ್ನುತ್ತಿದ್ದಳು, ಕೂಗಿ ಹೇಳಿದಳು:

“ಮೌಶಿ, ಅದು ತಲೆ ಅಲ್ಲ, ಧಾರಾವಿ. ಅಲ್ಲಿರೋರನ್ನೆಲ್ಲ ಎಬ್ಬಿಸೋಕೆ ನಿನಗೆ ಸಾಯಂಕಾಲ ಆಗತ್ತೆ. ನಮ್ಮ ಪಾಳಿ ಯಾವಾಗ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಸಕ್ಕುವಿಗೆ ಹೇಳಿದೆ, ಈ ಕೂದಲು ತೆಗೆಯಬೇಕು ಅಂತ. ಅವಳು ಬೇಡ ಎಂದಳು. ಎಣ್ಣೆ ಹಚ್ಚು, ನಾಳೆ ಬಾ ಅಂದರೆ ನಾಳೆ ಬರುತ್ತೇನೆ, ನಾಡಿದ್ದು ಬಾ ಅಂದರೆ ನಾಡಿದ್ದು ಬರುತ್ತೇನೆ ಎಂದಳು. “ಕೂದ್ಲಾ ಒಂದ್ ಬಿಡವ್ವಾ,” ಅಂದಳು. “ಅಕಿ ಬಂದ್ರ ನನ್ನ ಹ್ಯಾಂಗ ಹುಡುಕ್ತಾಳ?”

ನಾನು ಔಷಧ ಹಚ್ಚುತ್ತೇನೆ, ತಲೆ ಬಗ್ಗಿಸು ಎಂದೆ. ಬಗ್ಗಿಸಿದಳು. ಮೊಣಕಾಲನ್ನು ಅವಳ ಬೆನ್ನಿಗೆ ಕೊಟ್ಟು, ಮಶೀನ್ ತೆಗೆದುಕೊಂಡು ಹಣೆಯಿಂದ ಹಿಂದಕ್ಕೆ ನಟ್ಟನಡುವೆ ಒಂದು ಸಲ ಓಡಿಸಿಬಿಟ್ಟೆ. ನಡುವೆ ಒಂದು ಸಲ ಓಡಿಸಿದರೆ ಮುಗಿಯಿತು, ಆಮೇಲೆ ಯಾರೂ ಬೇಡ ಅನ್ನುವ ಹಾಗಿಲ್ಲ. ಅವಳು ಕೈ ಮೇಲೆತ್ತಿ ನೆತ್ತಿ ಮುಟ್ಟಿಕೊಂಡಳು. ಕೂಗುತ್ತಾಳೆ, ಬೈಯುತ್ತಾಳೆ ಎಂದುಕೊಂಡೆ. ಕೂಗಲಿಲ್ಲ. ಉಳಿದದ್ದನ್ನು ತೆಗೆಯುವವರೆಗೆ ಅಲ್ಲಾಡದೆ ಕೂತಳು. ಎಲ್ಲ ಆದ ಮೇಲೆ, ಆ ಕೂದಲು ಕೊಡು ಎಂದಳು. ಹೇನಿನ ಕೂದಲು ಯಾರಿಗೂ ಕೊಡುವ ಹಾಗಿಲ್ಲ, ಅವತ್ತವತ್ತೇ ಸುಡಬೇಕು. ಅಂಗಳದ ಮೂಲೆಯಲ್ಲಿ ಒಂದು ಹಳೆಯ ಎಣ್ಣೆ ಡಬ್ಬವಿತ್ತು, ಅದರಲ್ಲಿ ಹಾಕಿ ಅವಳ ಕಣ್ಣ ಮುಂದೆಯೇ ಕಡ್ಡಿ ಗೀರಿದೆ.

ಹುಣ್ಣು ತೊಳೆದು ಪಟ್ಟಿ ಹಾಕಿದೆ. ಚೆನ್ನಾಗಿಯೇ ಹಾಕಿದೆ. ಊಟಕ್ಕೆ ಕರೆದೆ, ಕೂರಲಿಲ್ಲ, ಹೊರಟುಹೋದಳು.

ಸಂಜೆ ಲೀನಾಬಾಯಿ ಮಶೀನ್ ಹೊರಗಿದ್ದುದನ್ನು ನೋಡಿ ಕೇಳಿದರು, ಯಾರದ್ದು ತೆಗೆದದ್ದು ಅಂತ. ಸಕ್ಕುವಿನದು ಎಂದೆ. ಅವರು ನನ್ನ ಮುಖವನ್ನೇ ನೋಡಿದರು.

“ಕೇಳಿಯೇ ತೆಗೆದದ್ದಲ್ವಾ?”

“ಹೂಂ ಅಂದ್ಳು,” ಎಂದೆ.

ಅವರು ಪಕ್ಕನೆ ನಂಬಿದರು. ನಂಬುವುದು ಅವರ ರೋಗ. ಪಾಪ, ಅವಳಿಗೆ ಎಷ್ಟು ಕಷ್ಟವಾಗಿರಬೇಕು, ಆದರೂ ಒಪ್ಪಿದಳಲ್ಲ ಅಂತ ಎರಡು ಸಲ ಹೇಳಿದರು. ನಾನು ಪಾತ್ರೆ ತಿಕ್ಕುತ್ತಿದ್ದೆ, ತಿಕ್ಕುತ್ತಲೇ ಇದ್ದೆ.

ಆ ಶನಿವಾರ ಸಕ್ಕು ಬರಲಿಲ್ಲ. ಮುಂದಿನ ಬುಧವಾರವೂ ಬರಲಿಲ್ಲ. ಗೋರೆಗಾಂವ್‌ನಿಂದ ಲೋಕಲ್ ರೈಲಿನಲ್ಲಿ ಬಂದಿಳಿದು ಸೇತುವೆ ದಾಟುವಾಗ ನಾನು ಅವಳು ಕೂರುತ್ತಿದ್ದ ಮೆಟ್ಟಿಲ ಕಡೆ ನೋಡುತ್ತಿದ್ದೆ. ಒಂದು ದಿನ ಕಂಡಳು, ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕೂತಿದ್ದಳು. ನಾನು ನಿಂತು ಮಾತಾಡಿಸಬೇಕಿತ್ತು. ಹಿಂದಿನವರು ತಳ್ಳುತ್ತಿದ್ದರು, ಹೊತ್ತಾಗಿತ್ತು, ಮುಂದೆ ಹೋದೆ. ಮರುದಿನದಿಂದ ಅವಳು ಅಲ್ಲಿಯೂ ಇರಲಿಲ್ಲ.

ಅದರ ನಂತರದ ಶನಿವಾರ ಇದು ನಡೆಯಿತು. ರಾತ್ರಿಯಲ್ಲ, ಮಬ್ಬುಗತ್ತಲೆಯಲ್ಲ. ಮಧ್ಯಾಹ್ನ ಹನ್ನೆರಡು ದಾಟಿತ್ತು, ಅಂಗಳದ ತುಂಬ ಬಿಸಿಲು. ಕೊನೆಯವಳು ತಾರಾ, ತಲೆ ಒರೆಸಿಕೊಂಡು ಬೆಂಚಿನ ಮೇಲೆ ಊಟಕ್ಕೆ ಕೂರಲು ಹೋದಳು. ಗೇಟ್ ನೋಡಿಕೊಳ್ಳುತ್ತಿದ್ದ ಫ್ರಾನ್ಸಿಸ್, ನನ್ನ ವಯಸ್ಸಿನವನೇ, ಹನ್ನೆರಡಕ್ಕೆ ಅಗುಳಿ ಹಾಕಿ ಒಳಗೆ ಬಡಿಸಲು ಹೋಗಿದ್ದ. ನಾನು ಡ್ರಮ್ಮಿನಿಂದ ನೀರು ತೆಗೆದು ಕಲ್ಲು ತೊಳೆಯೋಣವೆಂದು ಬಕೆಟ್ ತುಂಬಿ ತಿರುಗಿದರೆ, ಸ್ಟೂಲಿನ ಮೇಲೆ ಒಬ್ಬಳು ಕೂತಿದ್ದಾಳೆ. ನನಗೆ ಬೆನ್ನು, ಗೋಡೆಗೆ ಮುಖ. ತಲೆಯ ಮೇಲೆ ಸೆರಗು.

ನನಗೆ ಮೊದಲು ಬಂದದ್ದು ಸಿಟ್ಟು. ಹೊತ್ತು ಮೀರಿ ಬಂದವಳನ್ನು ಫ್ರಾನ್ಸಿಸ್ ಒಳಗೆ ಬಿಟ್ಟಿದ್ದಾನೆ, ಇವನಿಗೆ ಎಷ್ಟು ಹೇಳಿದರೂ ಅಷ್ಟೇ ಅಂತ ಗೊಣಗಿದೆ. ಆದರೂ ಬಂದವಳನ್ನು ಕಳಿಸುವ ಹಾಗಿಲ್ಲ. ಸೆರಗು ಸರಿಸಿ ನೀರು ಹೊಯ್ದೆ.

ಕೂದಲು ಸೊಂಟದವರೆಗೆ. ಗಂಟು ಗಂಟು. ಹೊಸಬಳು ಎಂದುಕೊಂಡೆ. ಸೋಪು ಹಚ್ಚಿ ಬೆರಳು ಹಾಕಿ ತಿಕ್ಕುತ್ತ ಬಂದೆ. ನೆತ್ತಿ, ಹಿಂದಲೆ, ಬಲಗಿವಿ. ಎಡಗಿವಿಯ ಹಿಂದೆ ಬೆರಳು ತಗ್ಗಿಗೆ ಇಳಿಯಿತು. ಅಡಿಕೆ ಹೋಳಿನಷ್ಟು ತಗ್ಗು. ಅದರ ಮೇಲೆ ನರುಳ್ಳೆ. ಉಗುರು ತಾಗಿದ್ದಕ್ಕೆ ಅವಳು ಭುಜ ಎತ್ತಿದಳು.

ನನ್ನ ಕೈ ನಿಂತುಹೋಯಿತು.

ನೀವು ಕೇಳುತ್ತೀರಿ, ಮುಖ ಯಾಕೆ ನೋಡಲಿಲ್ಲ ಅಂತ. ಎರಡು ಹೆಜ್ಜೆ ಪಕ್ಕಕ್ಕೆ ಹೋಗಿದ್ದರೆ ಸಾಕಿತ್ತು. ನೋಡಬಾರದೆಂಬ ಪದ್ಧತಿ ಇತ್ತು ಎಂದು ಹೇಳಬಹುದು. ಆದರೆ ಅದು ಕಾರಣವಲ್ಲ. ನನಗೆ ನೋಡಲು ಧೈರ್ಯವಿರಲಿಲ್ಲ. ದೆವ್ವಕ್ಕೆ ಹೆದರಿದೆ ಎಂದುಕೊಳ್ಳಬೇಡಿ. ದೆವ್ವ ಎಂಬುದು ತಲೆಗೇ ಬರಲಿಲ್ಲ, ಸಕ್ಕು ಬದುಕಿದ್ದಾಳೆ ಎಂದೇ ನನ್ನ ಲೆಕ್ಕ. ನಾನು ಹೆದರಿದ್ದು ಅವಳ ಮುಖಕ್ಕೆ. ಹತ್ತು ದಿನದಲ್ಲಿ ಕೂದಲು ಸೊಂಟದವರೆಗೆ ಬೆಳೆಯುವುದಿಲ್ಲ, ಆದ್ದರಿಂದ ಇವಳು ಸಕ್ಕು ಅಲ್ಲ, ಇಬ್ಬರು ಹೆಂಗಸರಿಗೆ ಒಂದೇ ಜಾಗದಲ್ಲಿ ತಗ್ಗು ಇರಬಾರದೇ, ಅಂತ ನನಗೆ ನಾನೇ ಹೇಳಿಕೊಂಡೆ. ಕೈ ಒಪ್ಪಲಿಲ್ಲ. ಕೈ ಮಾತ್ರ ಇದು ಸಕ್ಕು, ಇದು ಸಕ್ಕು ಎನ್ನುತ್ತಿತ್ತು.

ಒಳಗಿನಿಂದ ಎಣ್ಣೆ ಬಾಟಲಿ, ಅಗಲ ಹಲ್ಲಿನ ಬಾಚಣಿಗೆ ತಂದೆ. ಅವಳು ಅಲ್ಲೇ ಇದ್ದಳು. ಎಣ್ಣೆ ಹಚ್ಚಿ, ಬುಡ ಹಿಡಿದು, ತುದಿಯಿಂದ ಒಂದೊಂದೇ ಗಂಟು ಬಿಡಿಸುತ್ತ ಬಂದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಒಳಗೆ ಪ್ರಾರ್ಥನೆ ಮುಗಿದು ತಟ್ಟೆಗಳ ಸದ್ದು ಶುರುವಾಗಿ, ಆ ಸದ್ದೂ ನಿಂತಿತು. ಬಕೆಟ್ ಮೂರು ಸಲ ತುಂಬಿದೆ. ಮೊದಲು ಕಪ್ಪಗೆ ಹರಿದ ನೀರು ಆಮೇಲೆ ತಿಳಿಯಾಗಿ ಹರಿಯಿತು. ಒಂದು ಗಂಟು ಗಟ್ಟಿ ಇತ್ತು, ನಾನು ಸ್ವಲ್ಪ ಜೋರಾಗಿ ಎಳೆದಿರಬೇಕು. ಆಗ ಅವಳು ಗೋಡೆಯ ಕಡೆಗೇ ಮುಖ ಇಟ್ಟುಕೊಂಡು ಹೇಳಿದಳು:

“ಸಾವಕಾಶ ಆಗ್ಲೆವ್ವಾ. ನನಗ ಈಗ ಏನೂ ಗಡಿಬಿಡಿ ಇಲ್ಲ.”

ಅದು ನಮ್ಮ ಕಡೆಯ ಮಾತು. ಅದು ಅವಳದೇ ದನಿ, ಹಲ್ಲಿಲ್ಲದ ಬಾಯಿಯ ದನಿ.

ಆಗಲಾದರೂ ನಾನು ಒಂದು ಮಾತು ಆಡಬೇಕಿತ್ತು. ತಪ್ಪಾಯಿತು ಎಂಬುದು ದೊಡ್ಡ ಮಾತೇನಲ್ಲ. ನನ್ನ ಗಂಡನಿಗೆ, ಮಕ್ಕಳಿಗೆ, ಯಾರಿಗೂ ನಾನು ಆ ಮಾತು ಹೇಳಿದವಳಲ್ಲ. ನುಂಗಿಕೊಂಡೆ.

“ತಲಿ ಬಗ್ಗಿಸು,” ಎಂದೆ. ಅಷ್ಟೇ ಎಂದದ್ದು.

ಅವಳು ಬಗ್ಗಿಸಿದಳು. ಕೊನೆಯ ನೀರು ಹೊಯ್ದೆ. ಕೂದಲು ಹಿಂಡಿ ಬೆನ್ನ ಮೇಲೆ ಬಿಟ್ಟೆ, ಒಂದು ಗಂಟೂ ಉಳಿದಿರಲಿಲ್ಲ. ಟವೆಲ್ ನಾಲ್ಕು ಹೆಜ್ಜೆ ದೂರದ ತಂತಿಯ ಮೇಲೆ ಒಣಗುತ್ತಿತ್ತು. ಹೋಗಿ ಎಳೆದುಕೊಂಡು ತಿರುಗಿದೆ. ಸ್ಟೂಲ್ ಖಾಲಿ.

ಬಚ್ಚಲ ಪರದೆ ಎತ್ತಿ ನೋಡಿದೆ. ಗೇಟಿಗೆ ಓಡಿದೆ, ಅಗುಳಿ ಹಾಕಿದ ಹಾಗೇ ಇತ್ತು. ಆ ಅಗುಳಿ ತೆಗೆದರೆ ಇಡೀ ಗಲ್ಲಿಗೆ ಕೇಳುತ್ತದೆ. ಒಳಗೆ ಹೋಗಿ ಫ್ರಾನ್ಸಿಸ್‌ನನ್ನು ಕೇಳಿದರೆ, ಹನ್ನೆರಡರ ಮೇಲೆ ಒಂದು ಬೆಕ್ಕನ್ನೂ ಬಿಟ್ಟಿಲ್ಲ ಎಂದ. ತಾರಾ ತಟ್ಟೆ ತೊಳೆಯುತ್ತಲೇ, ಬಿಸಿಲಿಗೆ ಮೌಶಿಯ ತಲೆ ತಿರುಗಿದೆ, ಯಾರಾದರೂ ಅವಳ ತಲೆಗೂ ನಾಲ್ಕು ತಂಬಿಗೆ ಹೊಯ್ಯಿರಿ ಎಂದಳು. ಇರಬಹುದು. ಬೆಳಿಗ್ಗೆ ಐದಕ್ಕೆ ಚಹಾ ಕುಡಿದವಳು ಆಮೇಲೆ ಏನೂ ತಿಂದಿರಲಿಲ್ಲ. ಬಗ್ಗಿ ಬಗ್ಗಿ ತಲೆ ತೊಳೆದವಳಿಗೆ ಕಣ್ಣಿಗೆ ಕತ್ತಲೆ ಬರಬಹುದು. ಆದರೆ ಎಣ್ಣೆ ಬಾಟಲಿ ಅರ್ಧಕ್ಕೆ ಇಳಿದಿತ್ತು. ಬಾಚಣಿಗೆಯಲ್ಲಿ ಉದ್ದ ಕೂದಲು ಇದ್ದವು, ಅರ್ಧ ಕಪ್ಪು, ಅರ್ಧ ಬಿಳಿ.

ಆ ಕೂದಲನ್ನು ಏನು ಮಾಡಿದೆ ಗೊತ್ತೇ? ಬಾಚಣಿಗೆಯಿಂದ ಬಿಡಿಸಿ, ಬೆರಳಿಗೆ ಸುತ್ತಿ ಉಂಡೆ ಮಾಡಿ, ಎಣ್ಣೆ ಡಬ್ಬಕ್ಕೆ ಹಾಕಿ ಕಡ್ಡಿ ಗೀರಿದೆ. ಪ್ರತಿ ಬುಧವಾರ, ಶನಿವಾರ ಮಾಡುವ ಕೆಲಸ, ಕೈ ತಾನಾಗಿ ಮಾಡಿಬಿಟ್ಟಿತು. ಸುಟ್ಟ ನಾತ ಮೂಗಿಗೆ ಬಡಿದ ಮೇಲೆ ನನಗೆ ಎಚ್ಚರವಾಯಿತು. ಅದೊಂದನ್ನು ಇಟ್ಟುಕೊಂಡಿದ್ದರೆ ಇವತ್ತು ನಿಮಗೆ ತೋರಿಸಬಹುದಿತ್ತು. ನಿಮಗೆ ಬೇಡ, ನನಗೇ ತೋರಿಸಿಕೊಳ್ಳಬಹುದಿತ್ತು.

ಸಂಜೆ ಪಾತ್ರೆ ಮುಗಿಸಿ ಸ್ಟೇಷನ್ನಿಗೆ ಹೊರಡುವಾಗ ಒಬ್ಬ ಪೊಲೀಸ್ ಬಂದ. ಮೊಬೈಲಿನಲ್ಲಿ ಒಬ್ಬ ಹೆಂಗಸಿನ ಫೋಟೊ ತೋರಿಸಿದ. ಸ್ಟೇಷನ್ನಿನ ಹತ್ತಿರ ಜ್ವರ ಬಂದು ಬಿದ್ದಿದ್ದಳಂತೆ, ಯಾರೋ ಆಸ್ಪತ್ರೆಗೆ ಸೇರಿಸಿದ್ದರಂತೆ. ಅವಳ ಚೀಲದಲ್ಲಿ, ಪಾಳಿಗೆಂದು ಗೇಟಿನಲ್ಲಿ ಕೊಡುವ ನಮ್ಮ ಮನೆಯ ಸ್ನಾನದ ಚೀಟಿ ಸಿಕ್ಕಿತಂತೆ. ಗುರುವಾರ ಬೆಳಗಿನ ಜಾವ ಸತ್ತಳು ಎಂದ. ನಾನು ಫೋಟೊ ನೋಡಿದೆ, ಸಕ್ಕುವೇ. ಕಣ್ಣು ಮುಚ್ಚಿತ್ತು. ತಲೆ ಬೋಳು.

ಗುರುವಾರ. ನಾನು ತಲೆ ತೊಳೆದದ್ದು ಶನಿವಾರ.

ಲೀನಾಬಾಯಿ ಕುತ್ತಿಗೆಯ ಸರದ ಶಿಲುಬೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತರು. ಮಧ್ಯಾಹ್ನ ಆದದ್ದನ್ನು ಅವರಿಗೆ ಹೇಳಿದೆ. ಅವರು ನಗಲಿಲ್ಲ, ದೇವರು ಕಳಿಸಿದ ಅಂತಲೂ ಹೇಳಲಿಲ್ಲ. ಅವಳಿಗೆ ನಿನ್ನ ಮೇಲೆ ಏನೂ ಸಿಟ್ಟಿಲ್ಲ, ಅದಕ್ಕೇ ನಿನ್ನ ಹತ್ತಿರ ಬಂದಿರಬೇಕು ಎಂದರು. ಅವರು ಹಾಗೆ ಹೇಳಿದ್ದು ನನ್ನ ಸುಳ್ಳನ್ನು ನಂಬಿ. ಅವರು ಹೇಳಿದ ಸಮಾಧಾನ ನನಗೆ ಸಲ್ಲುವುದಲ್ಲ.

ಎಂಟು ವರ್ಷದಿಂದ ಯೋಚಿಸಿದ್ದೇನೆ. ಅವಳು ನನಗೆ ಇನ್ನೊಂದು ಅವಕಾಶ ಕೊಡಲು ಬಂದಳೋ, ನಾನು ಹೇಗೆ ಮಾಡಬೇಕಿತ್ತು ಎಂದು ತೋರಿಸಲು ಬಂದಳೋ, ಅಥವಾ ನನ್ನ ಸಲುವಾಗಿ ಬರಲೇ ಇಲ್ಲವೋ, ಬರೀ ಮಗಳ ಮುಂದೆ ನಿಲ್ಲುವುದಕ್ಕೆ ತಲೆ ಶುದ್ಧ ಮಾಡಿಸಿಕೊಳ್ಳಲು ಬಂದಳೋ. ಇಲ್ಲ, ಹಸಿದ ಮುದುಕಿಯ ಕಣ್ಣಿಗೆ ಬಿಸಿಲಿನಲ್ಲಿ ಏನೋ ಕಂಡಿತೋ. ಹಾಗೆ ಕಂಡದ್ದಾದರೆ ಕೈಗೆ ಸಿಕ್ಕಿದ್ದೇನು? ನನಗೆ ಗೊತ್ತಿಲ್ಲ. ಅಂಥದ್ದು ಆಮೇಲೆ ಎಂದೂ ಆಗಲಿಲ್ಲ. ಆಗಲಿ ಅಂತ ಎಷ್ಟೋ ಶನಿವಾರ ಎಲ್ಲರೂ ಹೋದ ಮೇಲೆ ಸ್ಟೂಲ್ ಎತ್ತದೆ ಬಿಟ್ಟಿದ್ದೇನೆ.

ಪೊಲೀಸ್ ಬಂದು ಹೋದ ಮರುದಿನ ಭಾನುವಾರ. ಲೀನಾಬಾಯಿ ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ ಬಂದ ಮೇಲೆ ಇಬ್ಬರೂ ಆಸ್ಪತ್ರೆಯ ಶವಾಗಾರಕ್ಕೆ ಹೋದೆವು. ಗುರುತು ಹೇಳಲು ಯಾರಾದರೂ ಬೇಕಿತ್ತು, ಹೇಳಿದರೆ ದೇಹವನ್ನು ನಾವೇ ಪಡೆದು ಮಣ್ಣು ಮಾಡಬಹುದೆಂದು ಪೊಲೀಸ್ ಹೇಳಿದ್ದ. ಅಲ್ಲಿನವನು ಬಾಗಿಲು ತೆಗೆದು, ಟ್ರೇ ಎಳೆದು, ಮುಖದ ಮೇಲಿನ ಬಟ್ಟೆ ಸರಿಸಿದ. ಹೌದು ಎಂದರು ಲೀನಾಬಾಯಿ. ಅವನು ನನ್ನ ಕಡೆ ನೋಡಿದ. ನಾನು ಮುಖ ನೋಡಿ ಹೇಳಲಿಲ್ಲ. ಎಡಗಿವಿಯ ಹಿಂದೆ ಕೈ ಹಾಕಿದೆ. ತಗ್ಗು ಇತ್ತು, ನರುಳ್ಳೆ ಇತ್ತು. ಸುತ್ತ ಎಲ್ಲ ಒಂದು ವಾರದ ಮೊಳಕೆ ಕೂದಲು, ಬೆರಳಿಗೆ ಚುಚ್ಚುವಷ್ಟೇ. ತಲೆ ಒದ್ದೆ ಇತ್ತು. ಯಾಕೆ ಒದ್ದೆ ಎಂದು ಕೇಳಿದೆ. ಐಸಿನ ಪೆಟ್ಟಿಗೆ, ಎಲ್ಲರದ್ದೂ ಒದ್ದೆಯೇ ಇರುತ್ತದೆ ಎಂದ ಅವನು. ಸರಿಯೇ ಇರಬೇಕು. ಬೇರೆ ಯಾರದ್ದನ್ನೂ ನಾನು ಮುಟ್ಟಿ ನೋಡಲಿಲ್ಲ.

ಲೀನಾಬಾಯಿ ಮೆಲ್ಲಗೆ ಹೇಳಿದರು, ಕೂದಲು ತೆಗೆಯಲು ಒಪ್ಪಿದ್ದು ಒಳ್ಳೆಯದಾಯಿತು, ಹುಣ್ಣಾದರೂ ಮಾಯ್ದಿದೆ ನೋಡು ಅಂತ.

“ಬಾಯಿ,” ಎಂದೆ, “ಅಕಿ ಹೂಂ ಅಂದಿದ್ದಿಲ್ಲ. ಬ್ಯಾಡ ಅಂದಿದ್ಳು. ನಾನೇ ಹಿಡಿದು ತಗದೀನಿ.”

ಬಟ್ಟೆಯ ಒಂದು ಕೊನೆ ಲೀನಾಬಾಯಿಯ ಕೈಯಲ್ಲಿತ್ತು, ಅದನ್ನು ಇನ್ನಷ್ಟು ಸರಿಸಿ ನನಗೆ ಜಾಗ ಮಾಡಿಕೊಟ್ಟರು. ಬೇಗ ಮುಗಿಸಿ ಎಂದು ಆ ಮನುಷ್ಯ ಹೇಳುತ್ತಲೇ ಇದ್ದ. ನಾನು ಸೊಂಟದಿಂದ ಸೆರಗು ಬಿಚ್ಚಿ, ಸಕ್ಕುವಿನ ತಲೆಯನ್ನು ಎರಡು ಕೈಯಲ್ಲಿ ಎತ್ತಿ, ಒಣಗುವವರೆಗೆ ಒರೆಸಿದೆ.